ಒಂದು ಇಎಲ್84, ಎರಡು ಸ್ಪೀಕರ್, ಮೂರು ಟ್ರಾನ್ಸ್‌ಫಾರ್ಮರ್

ಆಲ್ದೂರಿನ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಈ ಸಲ ಕಾಫಿ ಕೊಯ್ಲು ಮುಗಿದು, ಗೋಣಿಚೀಲ ಎಲ್ಲ ಅಟ್ಟಕ್ಕೆ ಏರಿಸುವಾಗ ಮೂಲೆಯಲ್ಲಿದ್ದ ಹಳೇ ರೇಡಿಯೋಗ್ರಾಂ (ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಕಣ್ಣಿಗೆ ಬಿತ್ತು. ನಾನು ಚಿಕ್ಕವನಿದ್ದಾಗ ಅದು ಜಗಲಿಯಲ್ಲಿತ್ತು. ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಗಾಜಿನ ಹೂದಾನಿ. ಹಾಡಿದ್ದನ್ನು ಮಾತ್ರ ನಾನು ಕೇಳಿಯೇ ಇಲ್ಲ.

"ತಗೊಂಡ್ ಹೋಗೋ. ಇಲ್ಲಿದ್ರೆ ಗೆದ್ದಲಿಗೆ ಊಟ, ಅಷ್ಟೆ" ಅಂದರು ದೊಡ್ಡಪ್ಪ. ಪಿಕಪ್‌ನಲ್ಲಿ ಹಾಕಿಕೊಂಡು ಚಿಕ್ಕಮಗಳೂರಿಗೆ ತಂದೆ.

ಹಿಂದಿನ ಹಲಗೆ ತೆಗೆದರೆ ಒಳಗೆ ಇಲಿಗೂಡು. ಟ್ಯೂನಿಂಗ್ ಕಂಡೆನ್ಸರ್ ತುಕ್ಕು ಹಿಡಿದು ಕಲ್ಲಾಗಿತ್ತು. ರೇಡಿಯೋ ಭಾಗದ ಕಾಯಿಲ್‌ಗಳ ತಂತಿಯನ್ನು ಇಲಿ ಕಡಿದು ಹಾಕಿತ್ತು. ಉಳಿದದ್ದು ಇಷ್ಟು: ಮೇನ್ಸ್ ಟ್ರಾನ್ಸ್‌ಫಾರ್ಮರ್, ಚಾಸಿ, ಎಸಿಯನ್ನು ಡಿಸಿ ಮಾಡುವ ಒಂದು ಇಝಡ್80 ರೆಕ್ಟಿಫೈಯರ್ ವಾಲ್ವ್, ಸ್ಪೀಕರನ್ನು ಓಡಿಸುವ ಒಂದು ಇಎಲ್84 ವಾಲ್ವ್, ಮತ್ತೆ ಎಂಟು ಇಂಚಿನ ಸ್ಪೀಕರ್. ಇಎಲ್84ರ ಗಾಜಿನ ಮೇಲೆ ಬಿಇಎಲ್ ಗುರುತು ಇನ್ನೂ ಕಾಣುತ್ತಿತ್ತು. ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲದಲ್ಲಿ ಈ ವಾಲ್ವ್‌ಗಳನ್ನು ಮಾಡುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಅಂಗಡಿಗಳನ್ನು ಹುಡುಕಿದರೆ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ.

ಚೆನ್ನಾಗಿರುವ ವಾಲ್ವ್ ರೇಡಿಯೋವನ್ನು ಆಂಪ್ಲಿಫೈಯರ್ ಮಾಡಲಿಕ್ಕೆ ಅಂತ ಬಿಚ್ಚುವುದು ನನಗೆ ಇಷ್ಟವಿಲ್ಲ. ಇದರಲ್ಲಿ ರೇಡಿಯೋ ಉಳಿದೇ ಇರಲಿಲ್ಲ. ಹಾಗಾಗಿ ಧೈರ್ಯ ಮಾಡಿದೆ. ಸಣ್ಣ ಸಿಗ್ನಲನ್ನು ಮೊದಲು ದೊಡ್ಡದು ಮಾಡಲು ಒಂದು ಇಸಿಸಿ83 ವಾಲ್ವ್, ಆಮೇಲೆ ಒಂದು ಇಎಲ್84, ಒಂದು ಇಝಡ್80. ಒಂದೇ ಚಾನೆಲ್. ಅದೇ ಪೆಟ್ಟಿಗೆ.

ಕರೆಂಟ್ ಕೊಡುವ ಮೊದಲು ವಾಲ್ವಿಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನೋಡಿದೆ. ವಾಲ್ವಿನ ಕಡೆಯ ಸುತ್ತು, ಅಂದರೆ ಪ್ರೈಮರಿ, ಓಪನ್. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಕಾಯಿಲ್ ಬೇರೆ ಏನಾಗುತ್ತದೆ? ಕೂದಲಿನಷ್ಟು ತೆಳು ತಂತಿ, ಒಂದು ಕಡೆ ಹಸಿರು ಹಿಡಿದು ತುಂಡಾಗಿತ್ತು. ಇದನ್ನು ನೋಡದೆ ಸ್ವಿಚ್ ಹಾಕಿದರೆ ವಾಲ್ವಿನೊಳಗೆ ಎಲೆಕ್ಟ್ರಾನ್ ಬಂದು ಸೇರುವ ಆನೋಡ್‌ಗೆ ವೋಲ್ಟೇಜ್ ಸಿಗುವುದಿಲ್ಲ. ಕರೆಂಟ್ ಎಲ್ಲ ಅದರ ಮುಂದಿರುವ ತೆಳು ಜಾಲರಿ, ಸ್ಕ್ರೀನ್ ಗ್ರಿಡ್ ಮೇಲೆ ಬೀಳುತ್ತದೆ. ಅದು ಕೆಂಪಗೆ ಕಾಯ್ದು, ವಾಲ್ವ್ ಹೋಗುತ್ತದೆ. ಹಳೇ ಸೆಟ್ ಸಿಕ್ಕಿದವರು ಈ ಒಂದು ಪರೀಕ್ಷೆಯನ್ನು ಮೊದಲು ಮಾಡಿ. ಓಮ್ ಮೀಟರಿನಲ್ಲಿ ಅರ್ಧ ನಿಮಿಷದ ಕೆಲಸ.

ವಾಲ್ವಿಗೆ ಏನು ಬೇಕು

ಇಎಲ್84ರ ಡೇಟಾಶೀಟ್ ಹೇಳುವುದು ಹೀಗೆ: ಆನೋಡ್‌ನಲ್ಲಿ 250 ವೋಲ್ಟ್, 48 ಮಿಲಿಆಂಪ್, ಎದುರಿಗೆ 5,200 ಓಮ್ ಲೋಡ್ (ವಾಲ್ವ್ ಓಡಿಸಬೇಕಾದ ಭಾರ). ಆಗ 5.7 ವಾಟ್ ಸಿಗುತ್ತದೆ. ಆದರೆ ಅದು 10 ಪರ್ಸೆಂಟ್ ಡಿಸ್ಟಾರ್ಷನ್ ಇರುವಾಗಿನ ಲೆಕ್ಕ. ಕೇಳುವ ಹಾಗೆ ಬೇಕೆಂದರೆ ನಾಲ್ಕು, ನಾಲ್ಕೂವರೆ ವಾಟ್ ಅಂತ ಇಟ್ಟುಕೊಳ್ಳಿ.

ಸ್ಪೀಕರ್ ಇರುವುದು 4 ಅಥವಾ 8 ಓಮ್. ವಾಲ್ವಿಗೆ ಬೇಕಾದ್ದು 5,200. ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂತು ಇಬ್ಬರಿಗೂ ಮಾತು ಹೊಂದಿಸುತ್ತದೆ. ಸುತ್ತುಗಳ ಅನುಪಾತವನ್ನು ಅದರಿಂದಲೇ ಗುಣಿಸಿದರೆ ಓಮ್‌ಗಳ ಅನುಪಾತ ಬರುತ್ತದೆ. 36ಕ್ಕೆ 1 ಸುತ್ತಿದ್ದರೆ, 36 ಗುಣಿಸು 36, ಅಂದರೆ ಸುಮಾರು 1,300. ಅದಕ್ಕೆ 4 ಓಮ್ ಸ್ಪೀಕರ್ ಹಾಕಿದರೆ ವಾಲ್ವಿಗೆ 5,200 ಕಾಣುತ್ತದೆ. ಅದೇ ತುದಿಗೆ 8 ಓಮ್ ಹಾಕಿದರೆ 10,400 ಕಾಣುತ್ತದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಅಂತ ಓಮ್ ಇಲ್ಲ. ಈ ಕಡೆ ಏನು ಹಾಕಿದೆವೋ ಅದನ್ನೇ ದೊಡ್ಡದು ಮಾಡಿ ಆ ಕಡೆ ತೋರಿಸುತ್ತದೆ. ಈ ಒಂದು ವಿಷಯ ತಲೆಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು.

ಹೆಚ್ಚು ಕಮ್ಮಿ ಆದರೆ ಏನು? ಲೋಡ್ ಕಮ್ಮಿಯಾದರೆ ವಾಲ್ವಿನ ಕರೆಂಟ್ ಮೊದಲು ಮುಗಿಯುತ್ತದೆ. ಜಾಸ್ತಿಯಾದರೆ ವೋಲ್ಟೇಜ್ ಮೊದಲು ಮುಗಿಯುತ್ತದೆ. ಎರಡೂ ಒಟ್ಟಿಗೆ ಮುಗಿಯುವ ಜಾಗವೇ 5,000ದ ಆಸುಪಾಸು. ಅಲ್ಲೇ ಜಾಸ್ತಿ ವಾಟ್.

ಮೊದಲ ಭಾನುವಾರ: ಲೈನ್ ಟ್ರಾನ್ಸ್‌ಫಾರ್ಮರ್

ಹೊಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸುವವರೆಗೂ ಕಾಯುವ ತಾಳ್ಮೆ ಇರಲಿಲ್ಲ. ಮೈಕ್ ಸೆಟ್‌ನವರು ಬಳಸುವ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್ ಒಂದು ನನ್ನ ಡಬ್ಬದಲ್ಲಿತ್ತು. ಅದರ ಲೆಕ್ಕ ಸುಲಭ. 100ನ್ನು 100ರಿಂದ ಗುಣಿಸಿ, ಟ್ಯಾಪಿನ (ಸುತ್ತಿನ ನಡುವೆ ಹೊರಗೆ ತೆಗೆದ ತುದಿ) ವಾಟ್‌ನಿಂದ ಭಾಗಿಸಿದರೆ ಪ್ರೈಮರಿ ಓಮ್ ಬರುತ್ತದೆ. 1 ವಾಟ್ ಟ್ಯಾಪ್ ಅಂದರೆ 10,000 ಓಮ್, ಆ ಕಡೆ 8 ಓಮ್ ಸ್ಪೀಕರ್ ಇದ್ದಾಗ. ನನ್ನ ಶೆಲ್ಫ್ ಸ್ಪೀಕರ್ 4 ಓಮಿನದು. ಹಾಗಾಗಿ 10,000ದ ಅರ್ಧ, 5,000. ಕಾಗದದ ಮೇಲೆ ಸರಿಯಾಗೇ ಕೂತಿತು.

ಫಿಲ್ಟರ್ ಕಂಡೆನ್ಸರ್‌ಗಳನ್ನೆಲ್ಲ ಹೊಸದು ಹಾಕಿದೆ. ಇಝಡ್80ಗೆ ಮೊದಲ ಕಂಡೆನ್ಸರ್ 50 ಮೈಕ್ರೋಫ್ಯಾರಡ್‌ಗಿಂತ ದೊಡ್ಡದು ಹಾಕಬಾರದು. 47 ಹಾಕಿದೆ. ಅದರ ಮೇಲೆ 220 ಕೆ ಬ್ಲೀಡರ್ ರೆಸಿಸ್ಟರ್, ಸ್ವಿಚ್ ಆರಿಸಿದ ಮೇಲೆ ಕಂಡೆನ್ಸರ್ ತಾನಾಗೇ ಖಾಲಿಯಾಗಲಿ ಅಂತ. ಇಲ್ಲಿ 270, 280 ವೋಲ್ಟ್ ಡಿಸಿ ಓಡಾಡುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ಆರಿಸಿ, ಮೀಟರ್ ಇಟ್ಟು, ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಉರಿಯುತ್ತಿರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಲಿ.

ಒಳಗೆ ಶಾರ್ಟ್ ಇದ್ದರೆ ಬಲ್ಬೇ ತಡೆದುಕೊಳ್ಳಲಿ ಅಂತ ಮೇನ್ಸ್ ಸಾಲಿನಲ್ಲಿ 60 ವಾಟ್ ಬಲ್ಬ್ ಹಾಕಿ ಸ್ವಿಚ್ ಒತ್ತಿದೆ. ಬಲ್ಬ್ ಝಗ್ ಅಂತ ಉರಿದು ಮಂದವಾಯಿತು. ವಾಲ್ವ್‌ಗಳು ಕೆಂಪಾದವು. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟೆ. ಇಎಲ್84ರಲ್ಲಿ ಎಲೆಕ್ಟ್ರಾನ್ ಹೊರಡುವ ತುದಿ, ಕ್ಯಾಥೋಡ್. ಅದರ ವೋಲ್ಟೇಜ್ ನೋಡಿದರೆ 11. ಅಲ್ಲಿ 150 ಓಮ್ ರೆಸಿಸ್ಟರ್ ಇದೆ. 11ನ್ನು 150ರಿಂದ ಭಾಗಿಸಿದರೆ 73 ಮಿಲಿಆಂಪ್. ಇರಬೇಕಾದ್ದು 50. ಆನೋಡ್‌ನಲ್ಲಿ 15 ವಾಟ್ ಸುಡುತ್ತಿದೆ ಅಂತಾಯಿತು. ಈ ವಾಲ್ವ್ ತಡೆಯುವುದು 12. ತಕ್ಷಣ ಆರಿಸಿದೆ.

ಕಾರಣ ಒಂದು ಹಳದಿ ಕಂಡೆನ್ಸರ್. ಇಸಿಸಿ83ರ ಆನೋಡ್‌ನಿಂದ ಇಎಲ್84ರ ಗ್ರಿಡ್‌ಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಸೌಂಡ್ ದಾಟಿಸುವುದು. ನೋಡಲಿಕ್ಕೆ ಚೆನ್ನಾಗಿತ್ತು, ಉಬ್ಬಿರಲಿಲ್ಲ, ಸೋರಿರಲಿಲ್ಲ. ಹಾಗಾಗಿ ಹಳೇದನ್ನೇ ಬಿಟ್ಟಿದ್ದೆ. ಇಎಲ್84ನ್ನು ಕಿತ್ತು, ಖಾಲಿ ಸಾಕೆಟ್ಟಿನಲ್ಲಿ ಗ್ರಿಡ್ಡಿನದಾದ 2ನೇ ಪಿನ್‌ನಲ್ಲಿ ಅಳೆದೆ. ಸೊನ್ನೆ ಇರಬೇಕು. ಪ್ಲಸ್ 6 ವೋಲ್ಟ್ ಇತ್ತು. ಒಳಗೊಳಗೇ ಡಿಸಿ ಸೋರಿ, ಗ್ರಿಡ್ಡನ್ನು ಮೇಲೆತ್ತಿ, ವಾಲ್ವನ್ನು ಓಡಿಸುತ್ತಿತ್ತು. ಹೊಸದು ಹಾಕಿದ ಮೇಲೆ ಕ್ಯಾಥೋಡ್ 7.4ಕ್ಕೆ ಬಂದು ನಿಂತಿತು. 49 ಮಿಲಿಆಂಪ್. ಅದರಲ್ಲಿ 5 ಸ್ಕ್ರೀನಿಗೆ ಹೋದರೆ ಆನೋಡ್‌ಗೆ 44. ಈಗ ವಾಲ್ವಿಗೂ ನೆಮ್ಮದಿ, ನನಗೂ ನೆಮ್ಮದಿ. ಇಂಥ ಸೆಟ್ಟಿನಲ್ಲಿ ಈ ಕಂಡೆನ್ಸರನ್ನು ಪರೀಕ್ಷೆ ಮಾಡುವುದೇ ಬೇಡ, ಸುಮ್ನೆ ಬದಲಾಯಿಸಿ.

ಫೋನಿಂದ ಯಕ್ಷಗಾನ ಹಾಕಿದೆ. ಭಾಗವತರ ಧ್ವನಿ ಬಂತು. ನಿಜ ಹೇಳುತ್ತೇನೆ, ರೋಮಾಂಚನವಾಯಿತು. ಗಂಟಲಿನ ಕರಕರ ಕೂಡ ಎದುರಿಗೆ ಕೂತು ಹಾಡಿದ ಹಾಗೆ. ಆಮೇಲೆ ಚೆಂಡೆ ಬಿತ್ತು. ಬಿದ್ದದ್ದು ಚೆಂಡೆ ಅಲ್ಲ, ತಗಡಿನ ಡಬ್ಬ. ಪ್ರತಿ ಪೆಟ್ಟೂ ಒಡೆದು ಬರುತ್ತಿತ್ತು. ಮದ್ದಳೆಯ ಘುಂಕಾರ ಅಂತೂ ಇಲ್ಲವೇ ಇಲ್ಲ.

84 ಡೆಸಿಬೆಲ್ ಲೆಕ್ಕ

ತಪ್ಪು ಎರಡು ಕಡೆ ಇತ್ತು. ಮದ್ದಳೆ ಕಾಣೆಯಾದದ್ದಕ್ಕೆ ಲೈನ್ ಟ್ರಾನ್ಸ್‌ಫಾರ್ಮರ್ ಕಾರಣ. ಅದು ಬರೀ ಎಸಿ ದಾಟಿಸಲು ಮಾಡಿದ್ದು. ನಮ್ಮ ವಾಲ್ವು ಯಾವಾಗಲೂ 44 ಮಿಲಿಆಂಪ್ ಡಿಸಿಯನ್ನು ಅದರೊಳಗೆ ಹರಿಸುತ್ತದೆ. ಕಬ್ಬಿಣ ಅದರಲ್ಲೇ ತುಂಬಿಹೋಗುತ್ತದೆ, ಬೇಸ್‌ಗೆ ಜಾಗ ಉಳಿಯುವುದಿಲ್ಲ. ಅದರ ಇನ್ಸುಲೇಷನ್ ಕೂಡ ಇಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ. ಒಂದು ದಿನದ ಪ್ರಯೋಗಕ್ಕೆ ಸರಿ, ಮನೆಯಲ್ಲಿ ಇಡಲಿಕ್ಕಲ್ಲ.

ಚೆಂಡೆ ಸದ್ದು ಒಡೆದದ್ದಕ್ಕೆ ಕಾರಣ ಸ್ಪೀಕರ್. ಅದರ ಡಬ್ಬದ ಮೇಲೆ 87 ಡೆಸಿಬೆಲ್ ಅಂತ ಬರೆದಿತ್ತು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ 2.83 ವೋಲ್ಟ್, 1 ಮೀಟರ್. ಈ 2.83 ಎಲ್ಲಿಂದ ಬಂತು ಅಂತ ನೋಡಿ. 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವಾಟ್. 4 ಓಮ್ ಸ್ಪೀಕರಿಗೆ ಅಷ್ಟೇ ಕೊಟ್ಟರೆ 2 ವಾಟ್ ತಿನ್ನುತ್ತದೆ. ಎರಡು ವಾಟ್ ತಿಂದು 87 ಕೊಟ್ಟಿದೆ ಅಂದರೆ, ಒಂದು ವಾಟಿಗೆ ಅದು ಕೊಡುವುದು 84. ವಾಟ್ ಎರಡರಷ್ಟಾದರೆ 3 ಡೆಸಿಬೆಲ್, ಅಷ್ಟೇ ವ್ಯತ್ಯಾಸ.

ನೂರು ವಾಟಿನ ಆಂಪ್ಲಿಫೈಯರ್ ಇರುವವರಿಗೆ ಈ 3 ಡೆಸಿಬೆಲ್ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಹತ್ತಿರ ಇರುವುದೇ ನಾಲ್ಕು ವಾಟ್. ಅದೂ ಈ ಲೈನ್ ಟ್ರಾನ್ಸ್‌ಫಾರ್ಮರ್ ನುಂಗಿ ಉಳಿದದ್ದು ಎಷ್ಟೋ. ನಾಲ್ಕೂ ಸಿಕ್ಕಿದರೆ 84ರ ಮೇಲೆ 6 ಸೇರಿ 90, ಒಂದು ಮೀಟರ್ ದೂರದಲ್ಲಿ. ಮಾತಿಗೆ, ಮೆಲ್ಲಗಿನ ಹಾಡಿಗೆ ಸಾಕು. ಚೆಂಡೆಯ ಪೆಟ್ಟು ಮಾತ್ರ ಭಾಗವತರ ಧ್ವನಿಗಿಂತ ಎಷ್ಟೋ ಮೇಲೆ ಹಾರುತ್ತದೆ. ಅಲ್ಲಿ ಹತ್ತು ಡೆಸಿಬೆಲ್ ಬೇಕೆಂದರೆ ಹತ್ತರಷ್ಟು ವಾಟ್ ಬೇಕು. ಎಲ್ಲಿಂದ ತರುವುದು?

ಅಂಗಡಿಯಲ್ಲಿ ಈ ಸ್ಪೀಕರ್ ತರುವಾಗ ನಾನು ವಾಟ್ ನೋಡಿದ್ದೆ, ಬಣ್ಣ ನೋಡಿದ್ದೆ. ಈ ಸಾಲು ನೋಡಿರಲಿಲ್ಲ. ವಾಲ್ವ್ ಆಂಪ್ಲಿಫೈಯರ್ ಮಾಡುವವರು ಮೊದಲು ಸ್ಪೀಕರ್ ಹುಡುಕಬೇಕು, ಆಮೇಲೆ ವಾಲ್ವ್. ನಾನು ತಿರುಗಾಮುರುಗಾ ಹೋಗಿದ್ದೆ.

ವೈಂಡಿಂಗ್ ಅಂಗಡಿ

ಚಿಕ್ಕಮಗಳೂರಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾರುವವರು ನನಗೆ ಸಿಗಲಿಲ್ಲ. ಆದರೆ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯುವ ಕಾಲದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರ್‌ಗಳು ಸಾಲಾಗಿ ಬಂದು ಕೂರುತ್ತವೆ. ನಾನು ಹೋದದ್ದು ಅಂಥ ದಿನಗಳಲ್ಲೇ, ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದಾಗ.

"ಸಾರ್, ಹತ್ತು ದಿನ ಬಿಟ್ಟು ಬನ್ನಿ. ಇವರ ನೀರು ನಿಂತ್ರೆ ನನ್ನ ಸುಮ್ನೆ ಬಿಡಲ್ಲ" ಅಂದರು ಅಂಗಡಿಯವರು.

"ಆಯ್ತಣ್ಣ, ನಿಧಾನಕ್ಕೇ ಮಾಡಿ. ಸುತ್ತು ಮಾತ್ರ ಎಣಿಸಿ ಹಾಕಿ" ಅಂದೆ.

ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಮಧ್ಯದ ಕಾಲು 25 ಮಿಲಿಮೀಟರ್ ಇರುವ ಸ್ಟ್ಯಾಂಪಿಂಗ್ (ಕಬ್ಬಿಣದ ತೆಳು ಪಟ್ಟಿಗಳು), 32 ಮಿಲಿಮೀಟರ್ ದಪ್ಪಕ್ಕೆ ಜೋಡಿಸುವುದು. ಪ್ರೈಮರಿ 36 ಗೇಜ್ ತಂತಿ, ಒಟ್ಟು 3,000 ಸುತ್ತು. ಮೊದಲು 1,500 ಸುತ್ತಿ, ಮೇಲೆ ಸ್ಪೀಕರ್ ಕಡೆಯ ಸುತ್ತು, ಅಂದರೆ ಸೆಕೆಂಡರಿ, ಪೂರ್ತಿ ಸುತ್ತಿ, ಅದರ ಮೇಲೆ ಉಳಿದ 1,500. ಹೀಗೆ ನಡುವೆ ಸಿಕ್ಕಿಸಿದರೆ ತಾಳದ ಸದ್ದು, ಮೇಲಿನ ಸ್ವರ ಮಂಕಾಗುವುದಿಲ್ಲ. ಸೆಕೆಂಡರಿ 22 ಗೇಜ್, 118 ಸುತ್ತು, 83ನೇ ಸುತ್ತಿನಲ್ಲಿ ಒಂದು ಟ್ಯಾಪ್. 118 ಸುತ್ತು 8 ಓಮಿಗೆ, 83 ಸುತ್ತು 4 ಓಮಿಗೆ. ಎರಡರಿಂದಲೂ ವಾಲ್ವಿಗೆ ಕಾಣುವುದು 5,200ರ ಹತ್ತಿರವೇ.

ಹತ್ತು ದಿನ ಅಂದದ್ದು ಹದಿನೆಂಟಾಯಿತು. ಕೆಲಸ ನೋಡಿ ಖುಷಿಯಾಯಿತು. ಪದರ ಪದರಕ್ಕೂ ಕಾಗದ, ಅಂಚು ನೀಟು, ವಾರ್ನಿಷ್ ಚೆನ್ನಾಗಿ ಕುಡಿಸಿದ್ದರು. ಪ್ರೈಮರಿ ಅಳೆದರೆ 250 ಓಮ್.

ಮನೆಯಲ್ಲಿ ಅನುಪಾತ ನೋಡಿದೆ. 18 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಪ್ರೈಮರಿಗೆ ಎಸಿ ಕೊಟ್ಟೆ. ನಿಜವಾಗಿ ಇದ್ದದ್ದು 18.4. ನಾಲ್ಕು ಓಮ್ ಟ್ಯಾಪಿನಲ್ಲಿ 0.51 ಬಂತು. 18.4 ಭಾಗಿಸು 0.51, ಅಂದರೆ 36. ಸರಿಯಾಗಿದೆ. ಈ ಪರೀಕ್ಷೆಯನ್ನು ಎಂದೂ ಉಲ್ಟಾ ಮಾಡಬೇಡಿ. ಸೆಕೆಂಡರಿಗೆ 6.3 ವೋಲ್ಟ್ ಕೊಟ್ಟರೆ ಪ್ರೈಮರಿಯಲ್ಲಿ 227 ವೋಲ್ಟ್ ಎದ್ದು ನಿಲ್ಲುತ್ತದೆ. ಬಿಡಿ ತಂತಿ ಕೈಯಲ್ಲಿ ಹಿಡಿದುಕೊಂಡಿದ್ದರೆ ಗತಿ ಏನು?

ಜೋಡಿಸಿದೆ. ಸ್ಪೀಕರ್ ಬದಲು 4 ಓಮ್, 10 ವಾಟ್ ರೆಸಿಸ್ಟರ್ ಹಾಕಿ, ಸಿಗ್ನಲಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಸ್ಕೋಪ್‌ನಲ್ಲಿ ನೋಡಿದೆ. ಸಾವಿರ ಹರ್ಟ್ಸ್‌ನಲ್ಲಿ 4.2 ವೋಲ್ಟ್ ತನಕ ಅಲೆ ದುಂಡಗೆ ಇತ್ತು. ನಾಲ್ಕು ವಾಟಿಗಿಂತ ಮೇಲೆ. ಕುಣಿಯುವುದೊಂದು ಬಾಕಿ. 60 ಹರ್ಟ್ಸ್‌ಗೆ ಇಳಿಸಿದೆ. ಒಂದೂವರೆ ವೋಲ್ಟಿಗೇ ಅಲೆಯ ಒಂದು ಪಕ್ಕ ಸೊಟ್ಟಗಾಯಿತು. ಲೈನ್ ಟ್ರಾನ್ಸ್‌ಫಾರ್ಮರಿನ ಕಾಯಿಲೆಯೇ ಇಲ್ಲೂ.

ಸುತ್ತು ಸರಿ, ಅನುಪಾತ ಸರಿ, ಓಮ್ ಸರಿ. ಬೇಸ್ ಇಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಮೂರನೇ ದಿನ ಸ್ಟ್ಯಾಂಪಿಂಗ್ ಅಂಚನ್ನು ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು. ಇಂಗ್ಲಿಷ್ ಅಕ್ಷರ E ಆಕಾರದ ಒಂದು ಪಟ್ಟಿ ಈ ಕಡೆಯಿಂದ, ಮುಂದಿನದು ಆ ಕಡೆಯಿಂದ, ಹೆಣೆದ ಹಾಗೆ ಜೋಡಿಸಿದ್ದರು. ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ ಹಾಗೇ ಮಾಡಬೇಕು. ಅವರ ತಪ್ಪೇನಿಲ್ಲ, ನಾನೇ ಚೀಟಿಯಲ್ಲಿ ಬರೆದಿರಲಿಲ್ಲ. ಒಂದೇ ವಾಲ್ವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ E ಆಕಾರದವೆಲ್ಲ ಒಂದು ಕಡೆ, I ಆಕಾರದವೆಲ್ಲ ಇನ್ನೊಂದು ಕಡೆ, ನಡುವೆ ತೆಳು ಕಾಗದ ಇರಬೇಕು. ಆ ಸಂದು ಇದ್ದರೆ ಮಾತ್ರ ಡಿಸಿ ಹರಿದರೂ ಕಬ್ಬಿಣ ತುಂಬಿಹೋಗುವುದಿಲ್ಲ.

ವಾಪಸ್ ಒಯ್ದೆ. ವಾರ್ನಿಷ್ ಒಣಗಿ ಪಟ್ಟಿಗಳು ಅಂಟಿಕೊಂಡಿದ್ದವು. ಅಂಗಡಿಯವರು ಹೀಟ್ ಗನ್ ಹಿಡಿದು, ತೆಳು ಚಾಕು ತೂರಿಸಿ, ಮೊದಲನೆಯದನ್ನು ಎಬ್ಬಿಸಲು ಅರ್ಧ ಗಂಟೆ ತೆಗೆದುಕೊಂಡರು. ಮೊದಲನೆಯದು ಸೊಟ್ಟಗಾಯಿತು, ಅದನ್ನು ಬಿಟ್ಟೆವು. ಉಳಿದವು ಒಂದೊಂದಾಗಿ ಬಂದವು. ನಾನೂ ಪಕ್ಕದಲ್ಲಿ ಕೂತು ಪಟ್ಟಿಗಳ ಅಂಚು ಒರೆಸಿ ಕೊಟ್ಟೆ. E ಪಟ್ಟಿಗಳನ್ನೆಲ್ಲ ಒಂದು ಕಡೆ ಜೋಡಿಸಿ, 0.15 ಮಿಲಿಮೀಟರ್ ಕಾಗದ ಇಟ್ಟು, I ಪಟ್ಟಿಗಳನ್ನು ಕೂರಿಸಿ ಬಿಗಿ ಮಾಡಿದರು. ಕಾಗದದ ದಪ್ಪವನ್ನು ಅವರ ಮೈಕ್ರೋಮೀಟರಿನಲ್ಲೇ ಅಳೆದೆವು.

"ಇಷ್ಟು ಕಾಗದಕ್ಕೆ ಸೌಂಡ್ ಬದ್ಲಾಗತ್ತಾ ಸಾರ್?" ಅಂತ ಕೇಳಿದರು. ರಾತ್ರಿ ಫೋನ್ ಮಾಡಿ ಹೇಳಿದೆ: 60 ಹರ್ಟ್ಸ್‌ನಲ್ಲಿ ಈಗ 3.6 ವೋಲ್ಟ್ ತನಕ ಅಲೆ ದುಂಡಗಿದೆ ಅಂತ. ಒಂದೂವರೆ ಇದ್ದದ್ದು.

ಎಂಟು ಇಂಚಿನ ಹಳೇ ಸ್ಪೀಕರ್

ಇನ್ನು ಸ್ಪೀಕರ್. ರೇಡಿಯೋಗ್ರಾಂನದೇ ಸ್ಪೀಕರಿನ ಕಾಗದ ಒಂದು ಕಡೆ ಎರಡು ಇಂಚು ಸೀಳಿತ್ತು. ತೆಳು ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್, ಬ್ರಶ್. ಒಂದು ಪದರ ಹಿಂದೆ, ಒಂದು ಮುಂದೆ. ಜಾಸ್ತಿ ಹಚ್ಚಿದರೆ ಕಾಗದ ಭಾರವಾಗುತ್ತದೆ. ಹಳೇ ಸ್ಪೀಕರ್‌ಗಳ ಗುಟ್ಟೇ ಈ ಹಗುರ ಕಾಗದ. ಮಧ್ಯಕ್ಕೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದೆ, ಕಾಯಿಲ್ ಎಲ್ಲೂ ಉಜ್ಜುತ್ತಿರಲಿಲ್ಲ.

ಮೀಟರಿನಲ್ಲಿ 4.1 ಓಮ್ ತೋರಿಸಿತು. ಇದು ಬರೀ ತಂತಿಯ ಡಿಸಿ ರೆಸಿಸ್ಟೆನ್ಸ್, ಸ್ಪೀಕರಿನ ಇಂಪೀಡೆನ್ಸ್ (ಎಸಿ ಸಿಗ್ನಲಿಗೆ ತೋರುವ ತಡೆ) ಅಲ್ಲ. ಸಾಮಾನ್ಯವಾಗಿ ಇಂಪೀಡೆನ್ಸ್ ಇದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಸರಿಯಾಗಿ ತಿಳಿಯಲು ಸ್ಪೀಕರ್ ಜೊತೆ 100 ಓಮ್ ರೆಸಿಸ್ಟರನ್ನು ಸಾಲಿಗೆ ಹಾಕಿ, ಫೋನಿನ ಟೋನ್ ಆಪ್‌ನಿಂದ ಒಂದೊಂದೇ ಹರ್ಟ್ಸ್ ಕೊಟ್ಟು ಅಳೆದೆ. ರೆಸಿಸ್ಟರ್ ಮೇಲೆ ಎಷ್ಟು ವೋಲ್ಟ್, ಸ್ಪೀಕರ್ ಮೇಲೆ ಎಷ್ಟು ವೋಲ್ಟ್. ಅಷ್ಟರಿಂದ ಓಮ್ ಸಿಗುತ್ತದೆ. ಸಾಧಾರಣ ಮಲ್ಟಿಮೀಟರಿನ ಎಸಿ ರೇಂಜನ್ನು 400 ಹರ್ಟ್ಸ್‌ಗಿಂತ ಮೇಲೆ ನಂಬಬೇಡಿ.

ಹಳೇ ಸ್ಪೀಕರ್ 400 ಹರ್ಟ್ಸ್‌ನಲ್ಲಿ 5 ಓಮ್ ಇತ್ತು. 85ರ ಹತ್ತಿರ ಒಂದೇ ಸಲ 28ಕ್ಕೆ ಏರಿತು. ಶೆಲ್ಫ್ ಸ್ಪೀಕರನ್ನೂ ಅಳೆದೆ. ಅದು 200ರಲ್ಲಿ 3.3ಕ್ಕೆ ಇಳಿದು, 75ರಲ್ಲಿ 18ಕ್ಕೆ ಏರುತ್ತದೆ. ಡಬ್ಬದ ಮೇಲೆ ಮಾತ್ರ 4 ಓಮ್. ಅಂದರೆ ವಾಲ್ವಿಗೆ ಒಂದು ಸ್ವರದಲ್ಲಿ 4,300, ಇನ್ನೊಂದು ಸ್ವರದಲ್ಲಿ 23,000. ಹೀಗಿರುವಾಗ 5,200 ಅಂತ ಕಡ್ಡಿ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಆಸುಪಾಸಿನಲ್ಲಿದ್ದರೆ ಸಾಕು.

ನನ್ನ 5 ಓಮಿಗೆ ಯಾವ ಟ್ಯಾಪ್? ನಾಲ್ಕರ ಟ್ಯಾಪಿಗೆ ಹಾಕಿದರೆ ವಾಲ್ವಿಗೆ 6,500. ಎಂಟರ ಟ್ಯಾಪಿಗೆ ಹಾಕಿದರೆ 3,200. 5 ಓಮ್ ರೆಸಿಸ್ಟರ್ ಇಟ್ಟು ಎರಡನ್ನೂ ನೋಡಿದೆ. ಮೊದಲನೆಯದರಲ್ಲಿ ಮೂರೂವರೆ ವಾಟ್, ಎರಡನೆಯದರಲ್ಲಿ ಎರಡೂವರೆ. ಕಿವಿಗೂ ನಾಲ್ಕರ ಟ್ಯಾಪೇ ಹಿತ. ಅಲ್ಲೇ ಸೋಲ್ಡರ್ ಹಾಕಿದೆ.

ಇದರ ಸೆನ್ಸಿಟಿವಿಟಿ, ಅಂದರೆ ಒಂದು ವಾಟಿಗೆ ಕೊಡುವ ಸದ್ದು, ಎಷ್ಟು ಅಂತ ಎಲ್ಲೂ ಬರೆದಿಲ್ಲ. ಹೋಲಿಸಿ ನೋಡಿದೆ. ಎರಡೂ ಸ್ಪೀಕರಿಗೆ ಒಂದೇ 2 ವೋಲ್ಟ್, ಒಂದೇ ಸದ್ದು, ಒಂದು ಮೀಟರ್ ದೂರದಲ್ಲಿ ಫೋನು. ಹಳೇದು 7 ಡೆಸಿಬೆಲ್ ಮೇಲೆ ಬಂತು. 2 ವೋಲ್ಟಿಗೆ ಶೆಲ್ಫಿನದು 1 ವಾಟ್ ತಿಂದರೆ ಇದು 0.8 ತಿನ್ನುತ್ತದೆ. ಅದಕ್ಕೊಂದು ಡೆಸಿಬೆಲ್ ಸೇರಿಸಿದರೆ 8. ಅಂದರೆ ಹತ್ತಿರ ಹತ್ತಿರ 92. ಫೋನಿನ ಮೈಕ್ ಅಷ್ಟೇನೂ ನಂಬುವಂಥದ್ದಲ್ಲ, ಆದರೆ ಎರಡಕ್ಕೂ ಅದೇ ಮೈಕ್ ಆದ್ದರಿಂದ ವ್ಯತ್ಯಾಸ ನಂಬಬಹುದು. ಈ 8 ಡೆಸಿಬೆಲ್‌ಗೆ ಬೆಲೆ ಕಟ್ಟಿದರೆ ಆರು ಪಟ್ಟು ವಾಟ್. ಹಳೇ ಸ್ಪೀಕರಿನಲ್ಲಿ ಮೂರೂವರೆ ವಾಟ್ ಮಾಡುವ ಸದ್ದಿಗೆ ಆ ಶೆಲ್ಫ್ ಸ್ಪೀಕರ್ 22 ವಾಟ್ ಕೇಳುತ್ತದೆ.

ಗುಂಯ್ ಅನ್ನುವುದು

ಪೆಟ್ಟಿಗೆಯ ತಳ ಗೆದ್ದಲು ತಿಂದಿತ್ತು. ನಮ್ಮ ಬೀದಿಯ ಆಚಾರ್ರು ತೋಟದ್ದೇ ಸಿಲ್ವರ್ ಓಕ್ ಹಲಗೆ ಹಾಕಿ ಕೊಟ್ಟರು. ಸ್ಪೀಕರ್ ಕೂರಿಸಿ ಯಕ್ಷಗಾನ ಹಾಕಿದೆ. ಚೆಂಡೆ ಚೆಂಡೆಯಾಗೇ ಬಂತು. ಮದ್ದಳೆ ಮಾತ್ರ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿತ್ತು. ಎಲ್ಲ ಪೆಟ್ಟಿಗೂ ಅದೇ ಗುಂಯ್.

ಇದು ಆ 28 ಓಮಿನ ಗುಡ್ಡದ ಕೆಲಸ. ಇಎಲ್84 ಪೆಂಟೋಡ್, ಅಂದರೆ ಐದು ಎಲೆಕ್ಟ್ರೋಡಿನ ವಾಲ್ವ್, ಅದರ ಒಳಗಿನ ರೆಸಿಸ್ಟೆನ್ಸ್ 40,000 ಓಮ್ ಹತ್ತಿರ. ಟ್ರಾನ್ಸ್‌ಫಾರ್ಮರ್ ದಾಟಿ ಸ್ಪೀಕರ್ ಕಡೆಯಿಂದ ನೋಡಿದರೆ 30 ಓಮ್. ಸ್ಪೀಕರಿಗಿಂತ ಆಂಪ್ಲಿಫೈಯರಿನದೇ ಜಾಸ್ತಿ. ಹಾಗಿರುವಾಗ ಸ್ಪೀಕರಿನ ಓಮ್ ಏರಿದ ಕಡೆಯೆಲ್ಲ ಸದ್ದೂ ಏರುತ್ತದೆ, ಕಾಗದವನ್ನು ಹಿಡಿದು ನಿಲ್ಲಿಸುವವರು ಇರುವುದಿಲ್ಲ.

ಎರಡು ದಾರಿ ಇತ್ತು. ಇಎಲ್84ರ ಸ್ಕ್ರೀನನ್ನು ಆನೋಡ್‌ಗೆ ಕಟ್ಟಿ, ಮೂರೇ ಎಲೆಕ್ಟ್ರೋಡಿನ ಟ್ರಯೋಡ್ ಹಾಗೆ ಓಡಿಸುವುದು. ಆಗ 30 ಓಮ್ ಒಂದೂವರೆಗೆ ಇಳಿಯುತ್ತದೆ, ಆದರೆ ವಾಟೂ ಎರಡಕ್ಕೆ ಇಳಿಯುತ್ತದೆ. ದೊಡ್ಡಪ್ಪನ ಜಗಲಿ ದೊಡ್ಡದು, ಕಿವಿ ಸ್ವಲ್ಪ ಮಂದ. ಹಾಗಾಗಿ ಎರಡನೇ ದಾರಿ ಹಿಡಿದೆ, ಫೀಡ್‌ಬ್ಯಾಕ್: ಹೊರಗೆ ಬಂದ ಸಿಗ್ನಲಿನ ಸ್ವಲ್ಪ ಭಾಗವನ್ನು ಹಿಂದಕ್ಕೆ ಕೊಟ್ಟು ತಿದ್ದಿಸುವುದು. ನಾಲ್ಕರ ಟ್ಯಾಪಿನಿಂದ 5.1 ಕೆ ರೆಸಿಸ್ಟರ್ ಮೂಲಕ ಇಸಿಸಿ83ರ ಕ್ಯಾಥೋಡ್ ಕಡೆಗೆ, ಅಲ್ಲಿಂದ ಗ್ರೌಂಡಿಗೆ 100 ಓಮ್. ಜೋಡಿಸಿ ಸ್ವಿಚ್ ಹಾಕಿದೆ, ಕೀಂ ಅಂತ ಕಿರುಚಿತು. ಸೆಕೆಂಡರಿಯ ಎರಡು ತಂತಿ ಅದಲು ಬದಲಾಗಿದ್ದವು. ತಿರುಗಿಸಿ ಹಾಕಿದೆ, ಸುಮ್ಮನಾಯಿತು.

ಪರೀಕ್ಷೆಗೆ ಸಣ್ಣ ಸಿಗ್ನಲ್ ಕೊಟ್ಟು, ಮೊದಲು 8 ಓಮ್ ರೆಸಿಸ್ಟರ್, ಆಮೇಲೆ 4 ಓಮ್. ಫೀಡ್‌ಬ್ಯಾಕ್ ಇಲ್ಲದಾಗ 1 ವೋಲ್ಟ್ ಇದ್ದದ್ದು 0.56ಕ್ಕೆ ಬೀಳುತ್ತಿತ್ತು. ಈಗ 0.83ಕ್ಕೆ ನಿಂತಿತು. ಲೆಕ್ಕ ಹಾಕಿದರೆ 30 ಓಮ್ ಇದ್ದದ್ದು 2ಕ್ಕೆ ಇಳಿದಿದೆ. ಲೋಡೇ ಇಲ್ಲದೆ ಅಳೆಯಬಹುದಲ್ವಾ ಅಂತ ಕೇಳಬೇಡಿ. ಪೆಂಟೋಡ್ ಆಂಪ್ಲಿಫೈಯರನ್ನು ಸ್ಪೀಕರ್ ತೆಗೆದು ಓಡಿಸಿದರೆ ಪ್ರೈಮರಿಯಲ್ಲಿ ಸಾವಿರದ ಮೇಲೆ ವೋಲ್ಟ್ ಏಳಬಹುದು. ಹದಿನೆಂಟು ದಿನ ಕಾದು ಸುತ್ತಿಸಿದ್ದು ಒಂದು ಕಿಡಿಗೆ ಹೋಗುತ್ತದೆ. ಅದಕ್ಕೇ ಸ್ಪೀಕರ್ ತಂತಿಗಳ ನಡುವೆ 220 ಓಮಿನ ರೆಸಿಸ್ಟರ್ ಒಂದನ್ನು ಖಾಯಂ ಬಿಟ್ಟಿದ್ದೇನೆ.

ಮದ್ದಳೆಯ ಒಂದೊಂದು ಪೆಟ್ಟೂ ಈಗ ಬೇರೆ ಬೇರೆ ಕೇಳುತ್ತದೆ.

ಆಲ್ದೂರಿಗೆ ವಾಪಸ್

ಕಳೆದ ಶನಿವಾರ ಒಯ್ದು ಜಗಲಿಯಲ್ಲಿ ಇಟ್ಟೆ. ಮೊದಲು ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿದೆ. ಸಂಜೆ 215, ರಾತ್ರಿ ಹತ್ತರ ಮೇಲೆ 244. ಹಳೇ ಮೇನ್ಸ್ ಟ್ರಾನ್ಸ್‌ಫಾರ್ಮರಿನಲ್ಲಿ 220 ಮತ್ತು 245ರ ಟ್ಯಾಪ್ ಇವೆ. 245ಕ್ಕೆ ಹಾಕಿದೆ. ಸಂಜೆ ಅರ್ಧ ವಾಟ್ ಕಮ್ಮಿಯಾದರೂ ಪರವಾಗಿಲ್ಲ, ರಾತ್ರಿ ವಾಲ್ವ್ ಸುಡುವುದು ಬೇಡ. ಗುಡುಗು ಬಂದರೆ ಪ್ಲಗ್ ಕೀಳಿ ಅಂತ ದೊಡ್ಡಮ್ಮನಿಗೆ ಎರಡು ಸಲ ಹೇಳಿದ್ದೇನೆ.

ದೊಡ್ಡಪ್ಪ ಕುರ್ಚಿಯನ್ನು ಮೂರು ಮೀಟರ್ ದೂರಕ್ಕೆ ಎಳೆದುಕೊಂಡು ಕೂತರು. ಪ್ರಸಂಗ ಪೂರ್ತಿ ಕೇಳಿದರು. ವಾಲ್ಯೂಮ್ ಅವರೇ ಇಟ್ಟುಕೊಂಡದ್ದು. ನಾನು ಹಿಂದೆ ಸ್ಕೋಪ್ ಹಿಡಿದು ಕೂತಿದ್ದೆ. ಭಾಗವತರು ಹಾಡುವಾಗ ಸ್ಪೀಕರಿನಲ್ಲಿ ಒಂದು ವೋಲ್ಟ್ ಕೂಡ ದಾಟುತ್ತಿರಲಿಲ್ಲ. ಚೆಂಡೆ ಜೋರಾಗಿ ಬಿದ್ದಾಗ ತುದಿ 4 ವೋಲ್ಟ್ ಮುಟ್ಟಿತು. ಸದ್ದು ಒಡೆಯುವುದು ಅಲೆಯ ತುದಿ 5.9 ಮುಟ್ಟಿದಾಗ.

ರೆಕಾರ್ಡ್ ಪ್ಲೇಯರಿನ ಮೋಟಾರ್ ಇನ್ನೂ ತಿರುಗುತ್ತಿಲ್ಲ. ಅದನ್ನು ಬಿಚ್ಚಿ ಚಿಕ್ಕಮಗಳೂರಿಗೆ ತಂದಿದ್ದೇನೆ. ಬೇರಿಂಗ್‌ನಲ್ಲಿ ಎಣ್ಣೆ ಗಟ್ಟಿಯಾಗಿ ಅಂಟಾಗಿದೆ, ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ.